ಗುಳೆ ಹೋದವಳಿಗೆ ಪಾಠ ಹೇಳುವವರು ಯಾರು?

ಹುಮನಾಬಾದ್, ಬಸವಕಲ್ಯಾಣ ಸೀಮೆಯಲ್ಲಿ ಗುಳೆ ಹೋಗುವ ಹೆಂಗಸರ ಆರೋಗ್ಯದ ಪ್ರಶ್ನೆ ಎದ್ದಾಗಲೆಲ್ಲ ಒಂದೇ ಮಾತು ಮುಂದೆ ಬರುತ್ತದೆ: ‘ಅವರಿಗೆ ಅರಿವಿಲ್ಲ, ನಾವು ಅರಿವು ಮೂಡಿಸಬೇಕು.’ ವೇದಿಕೆಯ ಮೇಲೆ ಕೂತವರು ಇದನ್ನೇ ಹೇಳುತ್ತಾರೆ, ವರದಿ ಬರೆಯುವವರು ಇದನ್ನೇ ಬರೆಯುತ್ತಾರೆ. ಕೇಳುವುದಕ್ಕೆ ಕಾಳಜಿಯ ಮಾತು. ಆದರೆ ಇದರ ಹೊಟ್ಟೆಯಲ್ಲಿ ಮೂರು ನಂಬಿಕೆಗಳಿವೆ. ದುಡಿಯುವ ಹೆಂಗಸಿನ ತಲೆ ಖಾಲಿ ಕೊಡ ಎಂಬುದು ಮೊದಲನೆಯದು. ಆ ಕೊಡಕ್ಕೆ ನೀರು ಸುರಿಯುವ ಯೋಗ್ಯತೆ ಓದಿದವರಿಗೆ ಮಾತ್ರ ಇದೆ ಎಂಬುದು ಎರಡನೆಯದು. ವರ್ಷಕ್ಕೊಂದೆರಡು ಶಿಬಿರ, ಒಂದು ಬ್ಯಾನರ್, ಒಂದು ಕರಪತ್ರ ಇಷ್ಟಾದರೆ ಕೊಡ ತುಂಬುತ್ತದೆ ಎಂಬುದು ಮೂರನೆಯದು. ಈ ಮೂರೂ ತಪ್ಪು ಎಂಬುದು ನನ್ನ ವಾದ. ಇವು ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಇವುಗಳಿಂದಾಗಿಯೇ ನಮ್ಮ ನೆರೆಹೊರೆಯ ಸಾವಿರಾರು ಹೆಂಗಸರು ಮೋಸಕ್ಕೆ ಬಲಿಯಾಗಿದ್ದಾರೆ. ವಲಸೆ ಹೆಂಗಸಿಗೆ ಆರೋಗ್ಯದ ಪಾಠ ಹೇಳಬೇಕಾದವಳು ಅವಳ ಜೊತೆಗೇ ಕಬ್ಬು ಕಡಿಯುವ, ಅವಳ ಜೊತೆಗೇ ಇಟ್ಟಿಗೆ ಹೊರುವ, ಅವಳ ಭಾಷೆಯಲ್ಲೇ ಬೈಯುವ ಮತ್ತು ನಗುವ ಇನ್ನೊಬ್ಬ ಹೆಂಗಸು. ಉಳಿದವರೆಲ್ಲ ಅವಳ ಬೆನ್ನಿಗೆ ನಿಲ್ಲಬೇಕು.

ಮೊದಲು ಈ ಹೆಂಗಸರು ಯಾರೆಂದು ನೋಡೋಣ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ಕಡೆಯ ಮರಾಠಿ ಸೀಮೆ ಮುಂಬಯಿ ರಾಜ್ಯಕ್ಕೆ ಹೋಯಿತು. ಹುಮನಾಬಾದ್, ಭಾಲ್ಕಿ, ಔರಾದ್ ಮೈಸೂರಿಗೆ ಬಂದವು. ನಕ್ಷೆಯಲ್ಲಿ ಗೆರೆ ಬಿತ್ತು, ಬದುಕಿನಲ್ಲಿ ಬೀಳಲಿಲ್ಲ. ಮಳೆ ನಂಬಿದ ಹೊಲ ಕೈಕೊಟ್ಟಾಗ ಇಲ್ಲಿಯ ತಾಂಡಾಗಳಿಂದ, ದಲಿತ ಕೇರಿಗಳಿಂದ ಜನ ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಪುಣೆಗೂ ಹೈದರಾಬಾದಿಗೂ ನಡುವೆ ಹರಿಯುವ ಹೆದ್ದಾರಿ ಹುಮನಾಬಾದ್, ಬಸವಕಲ್ಯಾಣ ಎರಡೂ ತಾಲ್ಲೂಕುಗಳನ್ನು ಸೀಳಿಕೊಂಡೇ ಹೋಗುತ್ತದೆ. ಇದೇ ಹೊತ್ತಿಗೆ ಆಚೆಯ ಮರಾಠವಾಡಾದಿಂದ, ಬೀಡ್, ಧಾರಾಶಿವ, ಲಾತೂರ ಜಿಲ್ಲೆಗಳಿಂದ ಕಬ್ಬು ಕಡಿಯುವ ಟೋಳಿಗಳು ಕರ್ನಾಟಕದ ಗಡಿಸೀಮೆಯ ಸಕ್ಕರೆ ಕಾರ್ಖಾನೆಗಳ ಕಡೆಗೆ ಇಳಿಯುತ್ತವೆ. ಗಂಡ–ಹೆಂಡತಿ ಇಬ್ಬರೂ ಸೇರಿದರೆ ಒಂದು ಕೊಯ್ತಾ. ಟೋಳಿಯನ್ನು ಕರೆದೊಯ್ಯುವ ಗುತ್ತಿಗೆದಾರ, ಅಂದರೆ ಮುಕಾದಮ, ಮುಂಗಡ ಕೊಡುತ್ತಾನೆ, ಅದಕ್ಕೆ ಉಚಲ್ ಎಂದು ಹೆಸರು. ಆ ಮುಂಗಡ ತೀರುವವರೆಗೆ ಕೊಯ್ತಾ ಅವನ ಕೈಯಲ್ಲಿ. ಹೋಗುವವಳೂ ಬರುವವಳೂ ಒಂದೇ ಪಾಡಿನವರು. ಊರಲ್ಲಿದ್ದಾಗ ಅವಳ ಹೆಸರು ಯಾವುದೋ ಪಟ್ಟಿಯಲ್ಲಿರುತ್ತದೆ; ಊರು ದಾಟಿದ ದಿನವೇ ಅವಳು ಯಾವ ಪಟ್ಟಿಯಲ್ಲೂ ಇಲ್ಲ.

ಈ ಹೆಂಗಸಿನ ದಿನಚರಿಯನ್ನು ‘ಅರಿವು ಮೂಡಿಸುವ’ ಶಿಬಿರದ ಪಕ್ಕಕ್ಕೆ ಇಟ್ಟು ನೋಡಬೇಕು. ಅವಳು ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದು, ನಸುಕಿನಲ್ಲೇ ಕಬ್ಬಿನ ಗದ್ದೆ ಸೇರುತ್ತಾಳೆ. ಗಂಡ ಕಡಿದದ್ದನ್ನು ಸವರಿ, ಕಟ್ಟಿ, ಹೊರೆ ಮಾಡಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಒರಗಿಸಿದ ಹಲಗೆಯ ಮೇಲೆ ಹತ್ತುತ್ತಾಳೆ. ಟ್ರ್ಯಾಕ್ಟರ್ ನಡುರಾತ್ರಿ ಬಂದರೆ ನಡುರಾತ್ರಿಯೇ ತುಂಬಬೇಕು. ಅವಳಿಗೆ ಬಚ್ಚಲಿಲ್ಲ, ಪಾಯಖಾನೆಯಿಲ್ಲ; ಮುಟ್ಟಿನ ಬಟ್ಟೆ ಒಗೆದು ಬಿಸಿಲಿಗೆ ಒಣಗಿಸುವ ಮರೆಯಿಲ್ಲ. ಶಿಬಿರ ನಡೆಯುವುದು ಬೆಳಿಗ್ಗೆ ಹನ್ನೊಂದಕ್ಕೆ, ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ. ಅಲ್ಲಿಯ ಭಾಷೆ ಪುಸ್ತಕದ ಕನ್ನಡ. ಅವಳ ಭಾಷೆ ಲಂಬಾಣಿ, ಇಲ್ಲವೇ ಮರಾಠಿ, ಇಲ್ಲವೇ ದಖನಿ. ಕರಪತ್ರದಲ್ಲಿ ಅಕ್ಷರವಿದೆ, ಅವಳಿಗೆ ಅಕ್ಷರವಿಲ್ಲ. ಹೋಗಲಿ, ಹೇಗೋ ಬಂದು ಕೂತಳು ಎನ್ನೋಣ. ಅವಳ ಎದುರು ಮಾತಾಡುವವರು ಹೆಚ್ಚಿನ ಸಲ ಗಂಡಸರು. ಬಿಳಿ ಮುಟ್ಟಿನ ಬಗ್ಗೆ, ರಾತ್ರಿಯ ಸಂಕಟದ ಬಗ್ಗೆ, ಗಂಡನ ಕುಡಿತದ ಬಗ್ಗೆ ಆ ಸಭೆಯಲ್ಲಿ ಎದ್ದು ಕೇಳುವ ಹೆಂಗಸು ಯಾವ ಊರಿನಲ್ಲಿದ್ದಾಳೆ? ಹಾಗಾಗಿ ಅವಳು ಕೇಳುವುದಿಲ್ಲ. ಅವಳು ಕೇಳಲಿಲ್ಲವೆಂದು ‘ಅವರಿಗೆ ಆಸಕ್ತಿಯಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಮುಂದಿನ ವರ್ಷದ ಶಿಬಿರಕ್ಕೆ ಅದೇ ಕಾರಣವಾಗುತ್ತದೆ.

ಇನ್ನು ಓದಿದವರಿಂದ ಬರುವ ತಿಳಿವಳಿಕೆಯೇ ತಿಳಿವಳಿಕೆ ಎಂಬ ನಂಬಿಕೆಯನ್ನು ನೋಡೋಣ. ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಕಲಬುರಗಿ ಪಕ್ಕದಲ್ಲೇ ಇದೆ. 2015ರಲ್ಲಿ ಅಲ್ಲಿಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಬೇಡದಿದ್ದರೂ ಹೆಂಗಸರ ಗರ್ಭಕೋಶ ತೆಗೆದ ಪ್ರಕರಣ ಬಯಲಾಯಿತು. ಕೆಲವೇ ವರ್ಷಗಳ ಅವಧಿಯಲ್ಲಿ ಹೀಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು 2,200ಕ್ಕೂ ಹೆಚ್ಚು ಎಂಬ ಆರೋಪ ಕೇಳಿಬಂತು. ಬಹುಪಾಲು ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರು. ಹಲವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅವರು ಆಸ್ಪತ್ರೆಗೆ ಹೋದದ್ದು ಹೊಟ್ಟೆನೋವಿಗೆ, ಸೊಂಟನೋವಿಗೆ, ಬಿಳಿ ಮುಟ್ಟಿಗೆ. ಮಾತ್ರೆಯಿಂದ ವಾಸಿಯಾಗಬಹುದಾದ ಸೋಂಕಿಗೆ ‘ಗಂಟಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಭಯ ಹುಟ್ಟಿಸಲಾಯಿತು. ಹಾಗೆ ಹೇಳಿದವರು ಯಾರು? ಪದವಿ ಪಡೆದವರು, ಬಿಳಿ ಕೋಟು ತೊಟ್ಟವರು. ಆ ಹೆಂಗಸರಿಗೆ ಅರಿವು ಮೂಡಿಸಿದವರು ಅವರೇ. ಮೇಲಿಂದ ಬಂದ ತಿಳಿವಳಿಕೆಯನ್ನು ಕೈಮುಗಿದು ಒಪ್ಪಿಕೊಂಡದ್ದರಿಂದಲೇ ಅವರು ಕೆಟ್ಟರು. ಪ್ರಶ್ನೆ ಕೇಳುವುದನ್ನು ಯಾರೂ ಕಲಿಸಿರಲಿಲ್ಲ. ‘ನೀವು ಹೇಳಿ, ಅವರು ಕೇಳಲಿ’ ಎಂಬ ಶಿಬಿರದ ಪದ್ಧತಿ ಇದೇ ಕೈಮುಗಿಯುವಿಕೆಯನ್ನು ವರ್ಷವರ್ಷವೂ ಗಟ್ಟಿ ಮಾಡುತ್ತ ಬಂದಿದೆ.

ಗಡಿಯಾಚೆ ಬೀಡ್ ಜಿಲ್ಲೆಯಲ್ಲಿ ಇದೇ ಕಥೆ ಇನ್ನೂ ದೊಡ್ಡದು. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೀಲಮ್ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಆ ಜಿಲ್ಲೆಯ ಕಬ್ಬು ಕಡಿಯುವ 82,309 ಹೆಂಗಸರ ಸಮೀಕ್ಷೆ ನಡೆಯಿತು. ಅವರಲ್ಲಿ 13,861 ಮಂದಿಯ ಗರ್ಭಕೋಶ ತೆಗೆದಿತ್ತು. ಆರು ಮಂದಿಯಲ್ಲಿ ಒಬ್ಬಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಈ ಪ್ರಮಾಣ ಶೇ 3.2. ವಯಸ್ಸಿನ ಲೆಕ್ಕ ಎರಡೂ ಕಡೆ ಒಂದೇ ಅಲ್ಲದಿದ್ದರೂ ಅಂತರ ಐದು ಪಟ್ಟು. ಅಲ್ಲಿ ಒಂದು ದಿನ ಕೆಲಸ ತಪ್ಪಿಸಿದರೆ ಖಾಡಾ ಎಂದು ದಂಡ ಬೀಳುತ್ತದೆ. ಕೊಯ್ತಾಕ್ಕೆ ದಿನಕ್ಕೆ 500 ರೂಪಾಯಿ ಎಂದು ಹೆಂಗಸರೇ ಹೇಳಿದ್ದಾರೆ. ಮುಟ್ಟಾದರೂ ದಂಡ, ಬಸಿರಾಗಿ ಸುಸ್ತಾದರೂ ದಂಡ. ವೈದ್ಯನ ಭಯವೂ ಮುಕಾದಮನ ದಂಡವೂ ಎರಡು ಕಡೆಯಿಂದ ಒತ್ತಿದಾಗ ಹೆಂಗಸು ತನ್ನ ಮೈಯ ಒಂದು ಭಾಗವನ್ನೇ ತೆಗೆಸಿ ಹಾಕುವುದು ಲೇಸೆಂದು ಲೆಕ್ಕ ಹಾಕುತ್ತಾಳೆ. ಅವಳು ದಡ್ಡಿಯಲ್ಲ. ಅವಳ ಎದುರು ಇಟ್ಟ ಅಂಕಿಗಳೇ ಸುಳ್ಳಾಗಿದ್ದವು. ಗರ್ಭಕೋಶ ತೆಗೆಸಿದ ಮೇಲೆ ಬರುವ ಸೊಂಟನೋವು, ಮೈ ಉರಿ, ನಿಶ್ಶಕ್ತಿಗಳನ್ನು, ಅಂಡಾಶಯವನ್ನೂ ತೆಗೆದರೆ ವಯಸ್ಸಿಗೆ ಮೊದಲೇ ಸವೆಯುವ ಎಲುಬುಗಳನ್ನು ಆ ಲೆಕ್ಕಕ್ಕೆ ಯಾರೂ ಸೇರಿಸಿರಲಿಲ್ಲ.

ಈಗ ನನ್ನ ವಾದದ ಗಂಟಿಗೆ ಬರುತ್ತೇನೆ. ಈ ಶಸ್ತ್ರಚಿಕಿತ್ಸೆ ತಾಂಡಾದಿಂದ ತಾಂಡಾಕ್ಕೆ, ಟೋಳಿಯಿಂದ ಟೋಳಿಗೆ ಹಬ್ಬಿದ್ದು ಹೇಗೆ? ಆಸ್ಪತ್ರೆಗಳು ಬ್ಯಾನರ್ ಕಟ್ಟಲಿಲ್ಲ, ಶಿಬಿರದಲ್ಲಿ ಭಾಷಣ ಮಾಡಲಿಲ್ಲ. ಒಬ್ಬಳು ತೆಗೆಸಿಕೊಂಡಳು; ನಾದಿನಿಗೆ ಹೇಳಿದಳು; ನಾದಿನಿ ನೆರೆಯವಳನ್ನು ಕರೆದುಕೊಂಡು ಹೋದಳು. ಗುಡಿಸಲ ಮುಂದೆ ಒಲೆ ಹಚ್ಚುವಾಗ, ನೀರು ತರುವ ದಾರಿಯಲ್ಲಿ, ಹೊರೆ ಇಳಿಸಿ ಬೆನ್ನು ನೇರ ಮಾಡುವ ಅರೆಗಳಿಗೆಯಲ್ಲಿ ಈ ಪಾಠ ನಡೆಯಿತು. ಅಂದರೆ ಹೆಂಗಸರು ಹೆಂಗಸರಿಗೆ ಆರೋಗ್ಯ ಕಲಿಸುವ ಶಾಲೆ ಆಗಲೇ ಇದೆ. ಅದು ಹಗಲಿರುಳು ನಡೆಯುತ್ತಿದೆ. ಅದಕ್ಕೆ ರಜೆಯಿಲ್ಲ, ಅದರ ಹಾಜರಿ ನೂರಕ್ಕೆ ನೂರು. ಈ ಶಾಲೆ ಇರಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ಯಾವ ಇಲಾಖೆಗೂ ಇಲ್ಲ. ಅಲ್ಲಿ ಸುಳ್ಳು ಪಾಠ ನಡೆಯಬೇಕೇ ನಿಜ ಪಾಠ ನಡೆಯಬೇಕೇ ಎಂಬುದಷ್ಟೇ ನಮ್ಮ ಕೈಯಲ್ಲಿರುವ ಆಯ್ಕೆ. ದುಡ್ಡಿನಾಸೆಯ ದಲ್ಲಾಳಿ ಈ ಶಾಲೆಯ ಬಾಗಿಲನ್ನು ಎಂದೋ ಕಂಡುಕೊಂಡ. ಸರ್ಕಾರ ಇನ್ನೂ ಸಭಾಂಗಣದ ಬಾಗಿಲಲ್ಲಿ ನಿಂತಿದೆ.

ಜೊತೆಗಾತಿ ಕಲಿಸುವುದಕ್ಕೂ ಹೊರಗಿನವರು ಕಲಿಸುವುದಕ್ಕೂ ಇರುವ ಅಂತರವನ್ನು ಒಂದೇ ಪದದಲ್ಲಿ ತೋರಿಸಬಹುದು. ಕರಪತ್ರದಲ್ಲಿ ‘ಗರ್ಭಾಶಯ’ ಎಂದಿರುತ್ತದೆ. ಇಲ್ಲಿಯ ಹೆಂಗಸರ ಬಾಯಲ್ಲಿ ಅದು ‘ಚೀಲ’. ಮರಾಠಿಯ ಹೆಂಗಸರಿಗೆ ‘ಪಿಶವಿ’, ಅಂದರೂ ಚೀಲವೇ. ಚೀಲ ಅಂದಮೇಲೆ ಅದರೊಳಗೆ ಇಟ್ಟದ್ದು ತೆಗೆದಾಯಿತು, ಎರಡೋ ಮೂರೋ ಮಕ್ಕಳಾದವು, ಖಾಲಿ ಚೀಲ ಯಾಕೆ ಹೊರಬೇಕು ಎನ್ನುವ ತರ್ಕ ಆ ಪದದೊಳಗೇ ಕೂತಿದೆ. ತೆಗೆಸಿಬಿಡು ಎನ್ನುವವರಿಗೆ ಆ ಪದ ಅರ್ಧ ಕೆಲಸ ಮಾಡಿಕೊಡುತ್ತದೆ. ಗರ್ಭಾಶಯದ ಬಗ್ಗೆ ಗಂಟೆಗಟ್ಟಲೆ ಹೇಳಿದರೂ ಕೇಳುವವಳ ಮನಸ್ಸಿನ ಚೀಲ ಅಲುಗುವುದಿಲ್ಲ. ಆದರೆ ಆ ಪದವನ್ನು ಆಡುವವಳೇ ಪಾಠ ಹೇಳಿದರೆ ಎಲ್ಲಿ ಹಿಡಿಯಬೇಕೆಂದು ಅವಳಿಗೆ ಗೊತ್ತು. ‘ಅದು ಚೀಲವಲ್ಲ, ಮನೆಯ ನಡುಗಂಬ, ಮಕ್ಕಳು ಮನೆ ಬಿಟ್ಟು ಹೋದರೆಂದು ಕಂಬ ಕೀಳುತ್ತಾರೇನು?’ ಎಂದು ಅವಳು ಕೇಳಬಲ್ಲಳು. ಹಾಗೆಯೇ ಬಿಳಿ ಮುಟ್ಟಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಮಾತ್ರೆಗಳು ಹಸಿರು ಪೊಟ್ಟಣದಲ್ಲಿರುತ್ತವೆ, ಕಿಬ್ಬೊಟ್ಟೆ ನೋವಿನ ಸೋಂಕಿಗೆ ಹಳದಿ ಪೊಟ್ಟಣ. ಏಡ್ಸ್ ನಿಯಂತ್ರಣ ಸಂಸ್ಥೆ ಈ ಬಣ್ಣಗಳನ್ನು ಗೊತ್ತು ಮಾಡಿದ್ದು ಔಷಧಿ ಅದಲುಬದಲಾಗದಿರಲಿ ಎಂದು. ಓದಲು ಬಾರದವಳಿಗೂ ಬಣ್ಣ ಗೊತ್ತು. ‘ಮೊದಲು ಹಸಿರು ಪೊಟ್ಟಣ ಕೇಳು, ಡಾಕ್ಟರು ನೋಡಿ ಕೊಡಲಿ, ನುಂಗಿ ನೋಡು, ಆಮೇಲೆ ಆಪರೇಷನ್ ಮಾತು’ ಎಂಬ ಒಂದು ವಾಕ್ಯ ಆ ಗುಡಿಸಲ ಸಾಲಿನಲ್ಲಿ ಮೊದಲೇ ಓಡಾಡಿದ್ದರೆ ಎಷ್ಟು ಹೆಂಗಸರು ಉಳಿಯುತ್ತಿದ್ದರು!

ಇದು ಬರೀ ಆಸೆಯ ಮಾತಲ್ಲ. ತೂಗಿ ನೋಡಿದ ಲೆಕ್ಕವಿದೆ. ನೇಪಾಳದ ಮಕವಾನಪುರ ಜಿಲ್ಲೆಯಲ್ಲಿ ಊರಿನ ಹೆಂಗಸರ ಗುಂಪುಗಳು ತಿಂಗಳಿಗೊಮ್ಮೆ ಕೂತು ಬಸಿರು–ಬಾಣಂತನದ ತೊಂದರೆಗಳನ್ನು ಚರ್ಚಿಸಿದವು. ಅಂಥ ಗುಂಪುಗಳಿದ್ದ ಕಡೆ ಹಸುಗೂಸುಗಳ ಸಾವು ಶೇ 30ರಷ್ಟು ಕಡಿಮೆಯಿತ್ತೆಂದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ನಮ್ಮಲ್ಲೇ ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಜಿಲ್ಲೆಗಳಲ್ಲಿ ಚಕ್ರಧರಪುರದ ‘ಏಕಜುಟ್’ ಸಂಸ್ಥೆ 2005ರಿಂದ 2008ರವರೆಗೆ ಇದನ್ನೇ ಮಾಡಿತು. ಅಲ್ಲಿ ಗುಂಪು ನಡೆಸಿದವರು ಡಾಕ್ಟರರಲ್ಲ, ನರ್ಸುಗಳಲ್ಲ. ಅಲ್ಲಿಯ ಭಾಷೆ ಬಲ್ಲ ಸ್ಥಳೀಯ ಹೆಂಗಸರು. ಅವರ ಆಯುಧ ಭಾಷಣವಲ್ಲ, ಪ್ರಶ್ನೆ. ಕೂಸು ಸತ್ತ ಒಂದು ಕಥೆ ಹೇಳಿ ‘ಯಾಕೆ?’ ಎಂದು ಕೇಳುತ್ತಾರೆ. ಜ್ವರ ಬಂದಿತ್ತು. ಯಾಕೆ? ಹೊಕ್ಕುಳಿಗೆ ನಂಜಾಗಿತ್ತು. ಯಾಕೆ? ಬಳ್ಳಿ ಕೊಯ್ದದ್ದು ಹಳೇ ಕುಡುಗೋಲಿನಿಂದ. ಯಾಕೆ? ಹೊಸ ಬ್ಲೇಡ್ ತಂದಿಟ್ಟಿರಲಿಲ್ಲ. ಹೀಗೆ ಒಂದೊಂದು ‘ಯಾಕೆ’ಯನ್ನೂ ಮೆಟ್ಟಿಲಾಗಿ ಇಳಿದಾಗ ತಳದಲ್ಲಿ ಅವರೇ ಸರಿಪಡಿಸಬಹುದಾದದ್ದೊಂದು ಸಿಗುತ್ತದೆ. ಮೂರು ವರ್ಷಗಳ ಒಟ್ಟು ಲೆಕ್ಕದಲ್ಲಿ ಹಸುಗೂಸುಗಳ ಸಾವು ಶೇ 32, ಕೊನೆಯ ಎರಡು ವರ್ಷಗಳಲ್ಲಿ ಶೇ 45 ಕಡಿಮೆಯಾಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಶಿಫಾರಸು ಮಾಡಿತು.

ವಾದಕ್ಕೆ ಅನುಕೂಲವಾದ ಅಂಕಿಯನ್ನಷ್ಟೇ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಇಂಥದೇ ಪ್ರಯೋಗ ನಡೆದಾಗ ಕೂಸುಗಳ ಸಾವಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ; ಆ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ‘ಅರಿವು ಮೂಡಿಸಬೇಕು’ ಎನ್ನುವವರು ಇದನ್ನು ಎತ್ತಿ ತೋರಿಸಬಹುದು. ಆದರೆ ಮರುವರ್ಷ ಏಳು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನ ಇದಕ್ಕೊಂದು ಸುಳಿವು ಕೊಟ್ಟಿತು. ಎಲ್ಲಿ ಬಸುರಿಯರಲ್ಲಿ ಕನಿಷ್ಠ ಶೇ 30 ಮಂದಿ ಗುಂಪಿಗೆ ಬಂದರೋ ಅಲ್ಲಿ ಹಸುಗೂಸುಗಳ ಸಾವು ಮೂರರಲ್ಲೊಂದು ಭಾಗ, ಬಾಣಂತಿಯರ ಸಾವು ಸುಮಾರು ಅರ್ಧದಷ್ಟು ಇಳಿದಿತ್ತು. ಅಂದರೆ ನಾಲ್ಕಾರು ಹೆಂಗಸರನ್ನು ಕೂರಿಸಿ ಫೋಟೊ ತೆಗೆದರೆ ಫಲವಿಲ್ಲ. ಸಾಕಷ್ಟು ಮಂದಿ ಒಂದೆಡೆ ಸೇರಬೇಕು. ಈ ಅಳತೆಯಿಂದ ನೋಡಿದರೆ ಕಬ್ಬಿನ ಟೋಳಿಗಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ? ಹತ್ತಿಪ್ಪತ್ತು ಹೆಂಗಸರು ಒಂದೇ ಸಾಲಿನ ಗುಡಿಸಲುಗಳಲ್ಲಿ ಐದಾರು ತಿಂಗಳು ಒಟ್ಟಿಗೆ ಇರುತ್ತಾರೆ. ಶೇ 30 ಯಾಕೆ, ಒಂದು ಸಂಜೆಗೆ ಎಲ್ಲರೂ ಸಿಗುತ್ತಾರೆ. ಕೇಂದ್ರದಿಂದ ನೋಡುವವರಿಗೆ ‘ತಲುಪಲು ಕಷ್ಟವಾದ ಜನ’ ಎನಿಸುವವರು ಒಬ್ಬರಿಗೊಬ್ಬರು ಕೈಯಳತೆಯಲ್ಲಿದ್ದಾರೆ.

ಬೀದರ್ ಜಿಲ್ಲೆಗೆ ಇದು ಹೊಸ ವಿದ್ಯೆಯೂ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಹುಟ್ಟಿದ ಮಹಿಳಾ ಸಮಖ್ಯಾ ಕಾರ್ಯಕ್ರಮ ಕರ್ನಾಟಕದಲ್ಲಿ 1989ರಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಬೀದರ್ ಒಂದು. ಬಡ, ದಲಿತ ಹೆಂಗಸರು ಊರೂರಿನಲ್ಲಿ ಸಂಘ ಕಟ್ಟಿದರು. ಹಲವು ಊರುಗಳಿಗೊಬ್ಬಳು ಸಹಯೋಗಿನಿ ನಡೆದೋ ಬಸ್ಸು ಹಿಡಿದೋ ಬಂದು ರಾತ್ರಿ ಅವರ ಜೊತೆ ಕೂರುತ್ತಿದ್ದಳು. ಏನು ಕಲಿಯಬೇಕೆಂಬುದನ್ನು ಸಂಘವೇ ಹೇಳಬೇಕು ಎಂಬುದು ಆ ಕಾರ್ಯಕ್ರಮದ ತಿರುಳು. ಹೆಂಗಸರು ಮೊದಲು ಕೇಳಿದ್ದು ಅಕ್ಷರವನ್ನಲ್ಲ. ನೀರು, ಕೂಲಿ, ಮೈ ಬಗ್ಗೆ ಕೇಳಿದರು. ಅಕ್ಷರ ಆಮೇಲೆ ತಾನಾಗಿ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಈ ಕಾರ್ಯಕ್ರಮಕ್ಕೆ ಹಣ ನಿಲ್ಲಿಸಿತು; ಸಾಲ–ಉಳಿತಾಯದ ಗುಂಪುಗಳು ಇದ್ದಮೇಲೆ ಇದು ಬೇಕಿಲ್ಲ ಎಂಬ ಎಣಿಕೆ. ಅದು ತಪ್ಪು ಎಣಿಕೆ. ಸಾಲದ ಗುಂಪಿನಲ್ಲಿ ಕಂತು ಕಟ್ಟಿದೆಯಾ ಎಂದು ಕೇಳುತ್ತಾರೆ, ಕಿಬ್ಬೊಟ್ಟೆ ನೋಯುತ್ತದೆಯಾ ಎಂದು ಕೇಳುವುದಿಲ್ಲ. ಗುಳೆ ಹೋಗುವವಳಿಗೆ ಆ ಗುಂಪಿನಲ್ಲಿ ಜಾಗವೂ ಕಷ್ಟ, ವಾರದ ಕಂತಿಗೆ ಅವಳು ಊರಲ್ಲಿರುವುದಿಲ್ಲವಲ್ಲ.

ಈಗ ಆಕ್ಷೇಪಗಳನ್ನು ಒಂದೊಂದಾಗಿ ಎದುರಿಸೋಣ. ‘ಓದು ಬಾರದವಳು ವೈದ್ಯಕೀಯ ಕಲಿಸಿದರೆ ತಪ್ಪು ಹಬ್ಬುತ್ತದೆ’ ಎಂಬುದು ಮೊದಲನೆಯದು. ಗೌರವದಿಂದ ಕೇಳಬೇಕಾದ ಆಕ್ಷೇಪವೇ. ಆದರೆ ಯಾರೂ ಅವಳನ್ನು ವೈದ್ಯೆಯಾಗು ಎನ್ನುತ್ತಿಲ್ಲ. ಯಾವ ಲಕ್ಷಣಕ್ಕೆ ಕಾಯಬಹುದು, ಯಾವುದಕ್ಕೆ ಆ ರಾತ್ರಿಯೇ ಗಾಡಿ ಹಿಡಿಯಬೇಕು, ಆಪರೇಷನ್ ಎಂದರೆ ಎರಡನೇ ಕಡೆ ತೋರಿಸದೆ ಹೆಬ್ಬೆಟ್ಟು ಒತ್ತಬಾರದು, ತಾಯಿ ಕಾರ್ಡು ಊರಲ್ಲಿ ಬಿಟ್ಟು ಹೊರಡಬಾರದು, ಇಂಥ ಹತ್ತಿಪ್ಪತ್ತು ಸಂಗತಿಗಳನ್ನು ಅವಳು ಕಲಿತು ಕಲಿಸಬೇಕು. ನೂರಾರು ಮದುವೆ ಹಾಡು ಬಾಯಲ್ಲಿಟ್ಟುಕೊಂಡವಳಿಗೆ, ಹತ್ತು ಮನೆಯ ಲೆಕ್ಕ ಬೆರಳ ತುದಿಯಲ್ಲಿ ಇಟ್ಟುಕೊಂಡವಳಿಗೆ ಇಪ್ಪತ್ತು ಸಂಗತಿ ಭಾರವಲ್ಲ. ತಪ್ಪಿನ ಭಯವಿದ್ದರೆ ತಿಂಗಳಿಗೊಮ್ಮೆ ನರ್ಸಮ್ಮ ಅವಳ ಜೊತೆ ಕೂತು ತಿದ್ದಲಿ. ಅವಳ ಬಾಯಿ ಮುಚ್ಚಿಸಿದರೆ ತಪ್ಪು ನಿಲ್ಲುವುದಿಲ್ಲ. ತಿದ್ದುವವರಿಲ್ಲದ ಕಡೆ ಬೆಳೆಯುತ್ತದೆ.

‘ಆಶಾ ಕಾರ್ಯಕರ್ತೆ ಇದ್ದಾಳಲ್ಲ, ಮತ್ತೊಬ್ಬಳು ಯಾಕೆ?’ ಎಂಬುದು ಎರಡನೆಯದು. 2005ರಲ್ಲಿ ಶುರುವಾದ ಆಶಾ ವ್ಯವಸ್ಥೆಯೇ ಜೊತೆಗಾತಿ ಪಾಠದ ದೊಡ್ಡ ಸಾಕ್ಷಿ. ಓದಿದವರಷ್ಟೇ ಆರೋಗ್ಯ ಹೇಳಬೇಕೆಂಬ ಮಾತನ್ನು ಹಳ್ಳಿಯ ಹೆಂಗಸರು ಎಂದೋ ಸುಳ್ಳು ಮಾಡಿದ್ದಾರೆ. ಆದರೆ ಆಶಾ ನಿಯಮದ ಮೊದಲ ಷರತ್ತು ಅವಳು ಆ ಊರಿನಲ್ಲಿ ನೆಲೆಸಿದವಳಾಗಿರಬೇಕು, ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ. ಊರಿಗೊಬ್ಬಳು ಆಶಾ ಇದ್ದಾಳೆ. ಊರು ಬಿಟ್ಟವಳಿಗೆ ಇಲ್ಲ. ಹುಮನಾಬಾದಿನ ತಾಂಡಾದಿಂದ ಪುಣೆಗೆ ಹೋದ ಬಸುರಿ ಇಲ್ಲಿಯ ಆಶಾಳ ಪುಸ್ತಕದಲ್ಲಿ ‘ಊರಲ್ಲಿಲ್ಲ’, ಅಲ್ಲಿಯವಳ ಪುಸ್ತಕದಲ್ಲಿ ‘ನಮ್ಮವಳಲ್ಲ’. ಬೀಡ್‌ನಿಂದ ಇಲ್ಲಿಯ ಕಬ್ಬಿನ ಗದ್ದೆಗೆ ಬಂದವಳ ಪಾಡೂ ಅದೇ. ನಡೆಯುವ ಜನಕ್ಕೆ ಜೊತೆಯಲ್ಲಿ ನಡೆಯುವ ಆಶಾ ಬೇಕು, ಅವಳು ಆ ಟೋಳಿಯೊಳಗಿಂದಲೇ ಬರಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ಎತ್ತುವವರು ನನ್ನ ಕಡೆಯವರೇ. ‘ಪಾಯಖಾನೆ ಇಲ್ಲದ ಕಡೆ ಶುಚಿತ್ವದ ಪಾಠ ಹೇಳುವುದು ಅನ್ಯಾಯ, ದಂಡ ಹಾಕುವ ಮುಕಾದಮನನ್ನೂ ಕೊಯ್ಯುವ ಡಾಕ್ಟರನನ್ನೂ ಬಿಟ್ಟು ಹೆಂಗಸಿಗೇ ಪಾಠ ಹೇಳಿದರೆ ತಪ್ಪು ಅವಳದೇ ಎಂದಂತಾಗುತ್ತದೆ’ ಎನ್ನುತ್ತಾರೆ. ನೂರಕ್ಕೆ ನೂರು ಒಪ್ಪುತ್ತೇನೆ. ವಲಸೆ ಕೂಲಿಗಳಿಗೆ ಉಚಿತ ಚಿಕಿತ್ಸೆ, ವಸತಿ ಕೊಡುವುದು ಗುತ್ತಿಗೆದಾರನ ಹೊಣೆ ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಆ ಮಾರ್ಗಸೂಚಿಯಲ್ಲಿ ಜಿಲ್ಲಾ ಮಟ್ಟದ ನಿಗಾ ಸಮಿತಿಯ ಮಾತೂ ಇದೆ. ಕಾಗದದ ಮೇಲೆ ಹಕ್ಕಿಗೆ ಬರವಿಲ್ಲ. ಆದರೆ ಆ ಸಮಿತಿಗೆ ದೂರು ಕೊಡುವವರು ಯಾರು? ಸಮಿತಿ ಇದೆ ಎಂದು ಗುಡಿಸಲಿಗೆ ಹೇಳುವವರು ಯಾರು? 2017ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ ಸಂತ್ರಸ್ತ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಅವರು ಅಲ್ಲಿಗೆ ಬಂದದ್ದು ತನಗೊಬ್ಬಳಿಗೇ ಹೀಗಾದದ್ದಲ್ಲ ಎಂದು ಒಬ್ಬರ ಬಾಯಿಂದ ಒಬ್ಬರು ಕೇಳಿ ತಿಳಿದುಕೊಂಡದ್ದರಿಂದ. ‘ಯಾಕೆ’ಯ ಮೆಟ್ಟಿಲು ಇಳಿಯುತ್ತ ಹೋದರೆ ಒಂದು ದಿನ ಅದು ಮುಕಾದಮನ ದಂಡದ ಹತ್ತಿರ ಬಂದೇ ಬರುತ್ತದೆ. ಶಿಬಿರದ ಪಾಠ ಹೆಂಗಸನ್ನು ಮನೆಗೆ ಕಳಿಸುತ್ತದೆ. ಜೊತೆಗಾತಿಯ ಪಾಠ ಅವಳನ್ನು ಇನ್ನೊಬ್ಬಳ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಅದಕ್ಕಾಗಿಯೇ ಇದನ್ನು ಹೋರಾಟಕ್ಕೆ ಬದಲಿಯೆಂದು ಭಾವಿಸದೆ ಹೋರಾಟದ ಮೊದಲ ಮೆಟ್ಟಿಲೆಂದು ನೋಡಬೇಕು.

ಉಳಿದ ಅಪಾಯಗಳು ನಿಜವಾದವು, ಅವಕ್ಕೆ ಮೊದಲೇ ಕಟ್ಟುಪಾಡು ಮಾಡಬೇಕು. ಮುಕಾದಮನ ಹೆಂಡತಿಯೋ ತಂಗಿಯೋ ‘ಜೊತೆಗಾತಿ’ಯಾಗಿ ನೇಮಕವಾದರೆ ಎಲ್ಲ ಗುಟ್ಟೂ ಅವನ ಕಿವಿಗೆ ಹೋಗುತ್ತದೆ, ಆದ್ದರಿಂದ ಆಯ್ಕೆ ಹೆಂಗಸರೇ ಕೂತು ಮಾಡಬೇಕು, ಗುತ್ತಿಗೆದಾರನ ನೆಂಟರು ಅದರಲ್ಲಿ ಇರಬಾರದು. ತಾಂಡಾದಲ್ಲಿ ಎಲ್ಲರೂ ಬಂಧುಗಳು, ಒಬ್ಬಳಿಗೆ ಹೇಳಿದ್ದು ಸಂಜೆಗೆ ಎಲ್ಲರಿಗೂ ತಿಳಿಯುತ್ತದೆ ಎಂಬ ಅಂಜಿಕೆಗೆ ಉತ್ತರ ಇಬ್ಬರನ್ನು ಆರಿಸುವುದು. ಒಬ್ಬಳಲ್ಲಿ ಹೇಳಲಾಗದ್ದನ್ನು ಇನ್ನೊಬ್ಬಳಲ್ಲಿ ಹೇಳಬಹುದು. ದಲಿತ ಹೆಂಗಸರಿರುವ ಟೋಳಿಯಲ್ಲಿ ಇಬ್ಬರಲ್ಲಿ ಒಬ್ಬಳು ಅವರೊಳಗಿನವಳೇ ಆಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಪುಕ್ಕಟೆ ಸೇವೆಯಾಗಬಾರದು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಗುವವರೆಗೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲುರಾತ್ರಿ ಕೂರಬೇಕಾಯಿತು. ಹೆಂಗಸಿನ ತಿಳಿವಳಿಕೆಯನ್ನು ಹೊಗಳಿ ಕೂಲಿ ಕೊಡದಿರುವುದು ಅವಳಿಗೆ ಅರಿವಿಲ್ಲ ಎನ್ನುವುದರ ಇನ್ನೊಂದು ಮುಖ. ಸಂಜೆಯ ಸಭೆಗೆ, ರಾತ್ರಿ ಆಸ್ಪತ್ರೆಗೆ ಜೊತೆ ಹೋಗುವುದಕ್ಕೆ, ತಪ್ಪಿದ ದಿನದ ಖಾಡಾಕ್ಕೆ ಲೆಕ್ಕ ಹಾಕಿ ಸಂಬಳ ಕೊಡಬೇಕು. 371(ಜೆ) ವಿಧಿಯ ಹೆಸರಿನಲ್ಲಿ ಈ ಭಾಗದ ಅಭಿವೃದ್ಧಿಗೆಂದೇ ಮಂಡಳಿಯಿದೆ, ವರ್ಷವರ್ಷ ಅನುದಾನವಿದೆ. ಕಟ್ಟಡಕ್ಕೆ ಸಿಗುವ ದುಡ್ಡು ಕಟ್ಟಡ ಕಟ್ಟುವವಳ ಮೈಗೂ ಸಿಗಲಿ.

ಈ ಮಾತನ್ನು ಬಸವಕಲ್ಯಾಣದ ನೆಲದಲ್ಲಿ ನಿಂತು ಹೇಳುವಾಗ ಒಂದು ಸಂಗತಿ ಮರೆಯಬಾರದು. ಹನ್ನೆರಡನೇ ಶತಮಾನದ ಕಲ್ಯಾಣ ವಲಸೆ ಬಂದವರಿಂದ ತುಂಬಿದ ಊರು. ಅಕ್ಕಿ ಆಯ್ದು ಬದುಕಿದ ಲಕ್ಕಮ್ಮ, ಮಾರಯ್ಯ ದಂಪತಿ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ದುಡಿಮೆ ಹುಡುಕಿ ಬಂದವರೆಂದು ಪರಂಪರೆ ಹೇಳುತ್ತದೆ. ಗಂಡ ಅಂದಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಿದ್ದಿದವಳು ಆ ಕೂಲಿ ಹೆಂಗಸು. ಅವಳಿಗೆ ಯಾರೂ ಅರಿವು ಮೂಡಿಸಲಿಲ್ಲ; ಅವಳ ಅರಿವನ್ನು ಕೇಳಿಸಿಕೊಳ್ಳುವ ಸಭೆಯೊಂದು ಅಲ್ಲಿತ್ತು. ಇಂದು ಅದೇ ಕಲ್ಯಾಣದಿಂದ ಹೆಂಗಸರು ಹೊರಗೆ ದುಡಿಯಲು ಹೋಗುತ್ತಿದ್ದಾರೆ, ಅವರನ್ನು ಕೇಳಿಸಿಕೊಳ್ಳುವ ಸಭೆ ಇಲ್ಲ.

ದವಾಳಿಯಲ್ಲಿ, ಅಂದರೆ ದೀಪಾವಳಿಯಲ್ಲಿ, ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುತ್ತಾರೆ. ಆ ಹಬ್ಬಕ್ಕೆ ಎಲ್ಲರೂ ಊರಲ್ಲಿರುತ್ತಾರೆ. ಹಬ್ಬ ಮುಗಿದ ಮೇಲೆ ಗಾಡಿಗಳು ಹೊರಡುತ್ತವೆ. ಆರೋಗ್ಯ ಇಲಾಖೆ, ಗ್ರಾಮ ಪಂಚಾಯಿತಿ, ಹೆಂಗಸರ ಸಂಘಟನೆಗಳು ಸೇರಿ ಆ ಹಬ್ಬಕ್ಕೆ ಮೊದಲಿನ ಹದಿನೈದು ದಿನಗಳನ್ನು ಇದಕ್ಕಾಗಿ ಇಟ್ಟುಕೊಳ್ಳಲಿ. ಪ್ರತಿ ಟೋಳಿಯ ಹೆಂಗಸರು ತಮ್ಮೊಳಗಿನ ಇಬ್ಬರನ್ನು ಆರಿಸಲಿ. ಆ ಇಬ್ಬರಿಗೆ ಅವರ ಭಾಷೆಯಲ್ಲೇ ತರಬೇತಿ, ಕೈಯಲ್ಲೊಂದು ಔಷಧಿ ಪೆಟ್ಟಿಗೆ, ಫೋನಿನಲ್ಲಿ ಹೊರಡುವ ಊರಿನ ಮತ್ತು ತಲುಪುವ ಊರಿನ ನರ್ಸಮ್ಮನ ನಂಬರು, ತಿಂಗಳ ಸಂಬಳ ಇರಲಿ. ಬೀಡ್, ಲಾತೂರಗಳಿಂದ ನಮ್ಮ ಗದ್ದೆಗೆ ಬರುವ ಟೋಳಿಗಳಿಗೂ ಇದೇ ವ್ಯವಸ್ಥೆ ಆಗಲಿ. ಅವರು ಕಡಿಯುವುದು ನಮ್ಮ ಕಬ್ಬು. ಈ ಕೆಲಸಕ್ಕೆ ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ಗಾಡಿ ಹೊರಡುವಾಗ ಅದರಲ್ಲಿ ಬಲ್ಲವಳೊಬ್ಬಳು ಕೂತಿರಬೇಕು, ಅಷ್ಟೆ.